ಕಾರಿಗೆ ‘ಗೌರಿ’ ಅಂತ ಹೆಸರಿಟ್ಟು ಮಾರೋಕೆ ಬಿಡ್ತಿಲ್ಲ, ಏನು ಮಾಡಲಿ?

ಪ್ರಶ್ನೆ: 2009ರಲ್ಲಿ ಗೌರಿ ಹಬ್ಬದ ಹಿಂದಿನ ದಿನ ನಮ್ಮ ಮನೆಗೆ ಒಂದು ಚಿಕ್ಕ ಕಾರು ಬಂತು. ನಮ್ಮ ಮನೆಯವರು ಅದಕ್ಕೆ ‘ಗೌರಿ’ ಅಂತ ಹೆಸರಿಟ್ಟರು. ತಮಾಷೆ ಅಂದುಕೊಂಡೆ. ಈಗಲೂ ಅದೇ ಹೆಸರು. ಬೆಳಿಗ್ಗೆ ಕೀ ತಿರುಗಿಸುವಾಗ ‘ಬಾರಮ್ಮ ಗೌರಿ’ ಅನ್ನುತ್ತಾರೆ. ಘಾಟಿ ಹತ್ತಿದ ಮೇಲೆ ಡ್ಯಾಶ್‌ಬೋರ್ಡ್ ತಟ್ಟಿ ‘ಭೇಷ್’ ಅನ್ನುತ್ತಾರೆ. ಹೊಸ ಕಾರು ತಗೊಳ್ಳೋಣ ಅಂತ ಮಗಳು ಎರಡು ವರ್ಷದಿಂದ ಹೇಳುತ್ತಿದ್ದಾಳೆ. ಮಾರುವ ಮಾತು ಎತ್ತಿದರೆ ಇವರು ಎದ್ದು ಹೊರಗೆ ಹೋಗುತ್ತಾರೆ. ಕೊಟ್ಟಿಗೆ ತುಂಬ ದನ ಇದ್ದ ಮನೆಯಲ್ಲಿ ಬೆಳೆದವರು, ಓದಿದ್ದು ಮಾತ್ರ ಎಂಜಿನಿಯರಿಂಗ್. ಜನ ಯಾಕೆ ಕಾರಿಗೆ ಹೆಸರಿಡುತ್ತಾರೆ? ಇದೇನಾದರೂ ತೊಂದರೆಯ ಲಕ್ಷಣವಾ?
ಒಬ್ಬ ಓದುಗರು, ಅರಸೀಕೆರೆ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನೆಮ್ಮದಿಯಾಗಿ ಓದುವುದಿಲ್ಲ. ಇದು ಯಾವ ತೊಂದರೆಯ ಲಕ್ಷಣವೂ ಅಲ್ಲ. ಗೌರಿ ಒಂದು ಕಾರು ಅಂತ ನಿಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು. ಪೆಟ್ರೋಲ್ ಹಾಕಿಸುತ್ತಾರೆ, ಹಿಂಡಿ ಬೂಸಾ ಇಡುತ್ತಿಲ್ಲ ತಾನೆ? ಗೊತ್ತಿದ್ದೂ ಅದರ ಜೊತೆ ಮಾತಾಡುತ್ತಾರೆ. ಕುತೂಹಲ ಇರುವುದು ಅಲ್ಲೇ.

ಮೈಸೂರಿನಲ್ಲಿ ಬಹಳ ವರ್ಷ ಮನಶ್ಶಾಸ್ತ್ರ ಪಾಠ ಮಾಡಿದವಳು ನಾನು. ‘ನಿಮ್ಮ ಮನೆಯ ಗಾಡಿಗೆ ಹೆಸರಿದೆಯಾ’ ಅಂತ ತರಗತಿಯಲ್ಲಿ ಕೇಳಿದರೆ ಮೊದಲು ಯಾರೂ ಬಾಯಿ ಬಿಡುವುದಿಲ್ಲ. ಹಿಂದಿನ ಬೆಂಚಿನಿಂದ ಒಬ್ಬ ‘ನಮ್ಮಪ್ಪನ ಸ್ಕೂಟರ್‌ಗೆ ರಾಜಾಹುಲಿ ಅಂತ’ ಅಂದ ಮೇಲೆ ಎಲ್ಲರೂ ನಗುತ್ತಾರೆ. ಆಮೇಲೆ ನೋಡಿ, ಪುಟ್ಟಿ, ಬಸವ, ಕರಿಯ, ಚಿನ್ನು ಅಂತ ಒಂದೊಂದೇ ಹೆಸರು ಹೊರಗೆ ಬರುತ್ತದೆ. ಹೆಸರಿಟ್ಟವರಿಗೆ ಸ್ವಲ್ಪ ನಾಚಿಕೆ ಇರುತ್ತದೆ. ಅದಕ್ಕೇ ಇದು ಎಷ್ಟು ಮನೆಗಳಲ್ಲಿದೆ ಅಂತ ಹೊರಗೆ ಕಾಣುವುದಿಲ್ಲ.

ಕಾರಿನ ಹೆಸರು ಅಂದ ಕೂಡಲೇ ಎರಡು ಬೇರೆ ಬೇರೆ ವಿಷಯ ಸೇರಿಕೊಳ್ಳುತ್ತವೆ. ಅದನ್ನು ಮೊದಲು ಬಿಡಿಸೋಣ. ಲಾರಿಯ ನೆತ್ತಿಯ ಮೇಲೆ ‘ಶ್ರೀ ಮಂಜುನಾಥ ಪ್ರಸನ್ನ’ ಅಂತ ಬರೆದಿರುತ್ತದೆ. ಆಟೋ ಬೆನ್ನಿನ ಮೇಲೆ ‘ತಾಯಿಯ ಆಶೀರ್ವಾದ’, ಅದರ ಕೆಳಗೆ ಇಬ್ಬರು ಮಕ್ಕಳ ಹೆಸರು. ಇದು ಬರೆದ ಹೆಸರು. ಊರಿಗೆಲ್ಲ ಕಾಣಲಿ ಅಂತ ಹಾಕಿಸಿದ್ದು. ಗಾಡಿ ಯಾರ ದಯೆಯಿಂದ ಬಂತು, ಯಾರಿಗಾಗಿ ಓಡುತ್ತಿದೆ ಅನ್ನುವುದನ್ನು ಅದು ಹೇಳುತ್ತದೆ. ಮಂಗಳೂರು, ಉಡುಪಿ ಕಡೆಯ ಖಾಸಗಿ ಬಸ್ಸುಗಳಿಗೂ ಹಣೆಯ ಮೇಲೆ ದೊಡ್ಡದಾಗಿ ಹೆಸರು. ಅಲ್ಲಿ ಜನ ಬಸ್ಸನ್ನು ಹೆಸರು ಹಿಡಿದೇ ವಿಚಾರಿಸುತ್ತಾರೆ.

ಮಗಳ ಹೆಸರನ್ನು ಗಾಡಿಗೆ ಹಾಕುವುದು ನಮ್ಮ ಆಟೋದವರು ಮಾತ್ರ ಮಾಡುವ ಕೆಲಸ ಅಂದುಕೊಳ್ಳಬೇಡಿ. ನೂರಿಪ್ಪತ್ತು ವರ್ಷಕ್ಕೂ ಹಿಂದೆ ಎಮಿಲ್ ಯೆಲಿನೆಕ್ ಅನ್ನುವ ವ್ಯಾಪಾರಿ ಡೈಮ್ಲರ್ ಕಂಪನಿಯ ಕಾರುಗಳನ್ನು ಮಾರುತ್ತಿದ್ದ. ಒಂದು ಹೊಸ ಮಾದರಿಗೆ ತನ್ನ ಮಗಳ ಹೆಸರನ್ನೇ ಇಡಿಸಿದ. ಆ ಹುಡುಗಿಯ ಹೆಸರು ಮರ್ಸಿಡಿಸ್. ಆಟೋ ಹಿಂದೆ ‘ಸಿಂಚನ’ ಅಂತ ಬರೆಸಿದ ಅಪ್ಪನಿಗೂ ಅವನಿಗೂ ದುಡ್ಡಿನ ವ್ಯತ್ಯಾಸ ಬಿಟ್ಟರೆ ಇನ್ನೇನಿದೆ?

ನಿಮ್ಮ ಗೌರಿ ಇನ್ನೊಂದು ಜಾತಿ. ಎಲ್ಲೂ ಬರೆದಿಲ್ಲ. ಬಾಯಲ್ಲಿ ಮಾತ್ರ ಇದೆ, ಅದೂ ಮನೆಯೊಳಗೆ. ನಮ್ಮಲ್ಲಿ ಮಕ್ಕಳಿಗೆ ಎರಡು ಹೆಸರು ಇರುತ್ತವಲ್ಲ? ತೊಟ್ಟಿಲಿಗೆ ಹಾಕುವಾಗ ಇಟ್ಟಿದ್ದು ಒಂದು, ಕರೆಯುವುದು ಇನ್ನೊಂದು. ಶಾಲೆಯ ದಾಖಲೆಯಲ್ಲಿ ವೆಂಕಟಲಕ್ಷ್ಮಿ ಇರುವವಳು ಮನೆಯಲ್ಲಿ ಪಾಪಚ್ಚಿ. ಕಾರಿಗೆ ದಾಖಲೆಯ ಹೆಸರು ಕೆಎ 13 ಅಂತ ಶುರುವಾಗುವ ನಂಬರು. ಆರ್‌ಟಿಒದವರಿಗೆ, ವಿಮೆಯವರಿಗೆ ಅದು ಸಾಕು. ದಿನಾ ಮುಖ ನೋಡುವವರಿಗೆ ಸಾಲುವುದಿಲ್ಲ. ಅವರು ಕರೆಯುವ ಹೆಸರು ಇಡುತ್ತಾರೆ. (ಯಾರಾದರೂ ಆ ಹೆಸರನ್ನು ನಂಬರ್ ಪ್ಲೇಟಿನ ಮೇಲೆ ಬರೆಸಲು ಹೊರಟರೆ ತಡೆಯಿರಿ. ಪ್ಲೇಟಿನ ಮೇಲೆ ನೋಂದಣಿ ಸಂಖ್ಯೆ ಬಿಟ್ಟು ಬೇರೆ ಬರಹ ಹಾಕುವಂತಿಲ್ಲ, ದಂಡ ಬೀಳುತ್ತದೆ.)

ಇಂಗ್ಲಿಷಿನವರು ಹಡಗನ್ನು, ಕಾರನ್ನು ‘ಅವಳು’ ಅನ್ನುತ್ತಾರೆ. ಹಿಂದಿಯಲ್ಲಿ ಗಾಡಿ ಹೆಣ್ಣು. ಕನ್ನಡದಲ್ಲಿ ಗಾಡಿ ‘ಅದು’. ಹಾಗಾದರೆ ಕನ್ನಡದವರು ಗಾಡಿಯನ್ನು ದೂರ ಇಟ್ಟಿದ್ದಾರಾ? ನನಗೆ ಹಾಗನ್ನಿಸುವುದಿಲ್ಲ. ಯಾಕೆಂದರೆ ಕನ್ನಡದಲ್ಲಿ ಮಗುವೂ ‘ಅದು’. ಮಗು ಮಲಗಿತು, ಎದ್ದಿತು, ಅತ್ತಿತು. ಎತ್ತು, ಹಸು, ಮನೆಯ ನಾಯಿ ಎಲ್ಲವೂ ಅದು. ಮಡಿಲಲ್ಲಿ ಇಟ್ಟುಕೊಳ್ಳುವುದನ್ನು, ಮೈ ತೊಳೆಯುವುದನ್ನು ನಾವು ‘ಅದು’ ಅಂತಲೇ ಕರೆಯುತ್ತೇವೆ. ಗಾಡಿ ಆ ಗುಂಪಿಗೆ ಸಲೀಸಾಗಿ ಸೇರಿಕೊಂಡಿತು.

ಕ್ರಿಯಾಪದ ನೋಡಿದರೆ ಇನ್ನೂ ಮಜಾ. ಗಾಡಿ ಹಟ ಮಾಡುತ್ತದೆ. ಕೆಮ್ಮುತ್ತದೆ. ಆಯಿಲ್ ಕುಡಿಯುತ್ತದೆ. ನಡು ದಾರಿಯಲ್ಲಿ ಕೈ ಕೊಡುತ್ತದೆ. ಏರು ಬಂದಾಗ ‘ಎಳೀತಿಲ್ಲ’ ಅನ್ನುತ್ತೇವೆ. ಎತ್ತಿಗೆ ಹೇಳುತ್ತಿದ್ದ ಮಾತು ಅದು. ‘ಎಷ್ಟು ಕೊಡುತ್ತೆ?’ ಅನ್ನುವ ಪ್ರಶ್ನೆಯನ್ನು ಅರಸೀಕೆರೆಯಲ್ಲಿ ಹಸು ಕೊಳ್ಳುವವರೂ ಕೇಳುತ್ತಾರೆ, ಕಾರು ಕೊಳ್ಳುವವರೂ ಕೇಳುತ್ತಾರೆ. ಒಬ್ಬರಿಗೆ ಹಾಲು, ಇನ್ನೊಬ್ಬರಿಗೆ ಮೈಲೇಜು. ‘ಗಾಡಿ’ ಅನ್ನುವ ಪದವೇ ಎತ್ತಿನದಾಗಿತ್ತು, ಈಗ ಎಂಜಿನ್ನಿನದು. ನಿಮ್ಮ ಮನೆಯವರು ಕೊಟ್ಟಿಗೆ ಇದ್ದ ಮನೆಯಲ್ಲಿ ಬೆಳೆದವರು ಅಂತ ಬರೆದಿದ್ದೀರಿ. ಅರ್ಧ ಉತ್ತರ ಆ ಒಂದು ವಾಕ್ಯದಲ್ಲೇ ಇದೆ. ಗಂಗೆ, ತುಂಗೆ, ಕೆಂಪಿ, ಕಾಳಿ ಅಂತ ಹೆಸರು ಹಿಡಿದು ಕರೆದು, ಬೆನ್ನು ತಟ್ಟಿ ಬೆಳೆದ ಕೈ ಅದು. ಬೆಳಿಗ್ಗೆ ಎದ್ದು ಹೋಗುವ ಜಾಗ ಕೊಟ್ಟಿಗೆಯಿಂದ ಕಾರ್ ಶೆಡ್ಡಿಗೆ ಬದಲಾಯಿತು. ಕೈ ಬದಲಾಗಲಿಲ್ಲ.

ನಮ್ಮನ್ನು ಹೊರುವುದಕ್ಕೆ ಹೆಸರಿಡುವುದು ಕಾರಿನಿಂದ ಶುರುವಾಗಿದ್ದಲ್ಲ. ದೇವರ ಸವಾರಿಗೂ ನಮ್ಮ ಸವಾರಿಗೂ ‘ವಾಹನ’ ಅನ್ನುವ ಒಂದೇ ಪದ ಇದೆ. ಕೃಷ್ಣನ ರಥದ ನಾಲ್ಕು ಕುದುರೆಗಳಿಗೆ ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಅಂತ ನಾಲ್ಕು ಹೆಸರು. ನಮ್ಮ ಮೈಸೂರಿನಲ್ಲಿ ದಸರೆಯ ದಿನ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರುವುದನ್ನು ಬರೀ ‘ಆನೆ’ ಅಂದರೆ ಊರಿನವರಿಗೆ ಬೇಜಾರಾಗುತ್ತದೆ. ಬಲರಾಮ 14 ಸಲ ಹೊತ್ತ, ಅರ್ಜುನ 8 ಸಲ ಹೊತ್ತ, 2020ರಿಂದ ಅಭಿಮನ್ಯು ಅಂತ ಲೆಕ್ಕ ಒಪ್ಪಿಸುತ್ತಾರೆ. ನೋಡಿ, ಇಲ್ಲಿ ‘ಹೊತ್ತಿತು’ ಹೋಗಿ ‘ಹೊತ್ತ’ ಬಂತು. ಹೆಸರು ದೊಡ್ಡದಾದಾಗ ವ್ಯಾಕರಣವೂ ಬಗ್ಗುತ್ತದೆ.

ಇದನ್ನು ಕೆಎಸ್ಆರ್‌ಟಿಸಿಯವರು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆ. ಅವರ ಬಸ್ಸುಗಳ ಹೆಸರು ಒಂದು ಸಲ ಸಾಲಾಗಿ ಓದಿ. ಐರಾವತ, ಅಂಬಾರಿ, ರಾಜಹಂಸ. 2023ರಲ್ಲಿ ಪಲ್ಲಕ್ಕಿ ಬಂತು, 2024ರಲ್ಲಿ ಅಶ್ವಮೇಧ. ಆನೆ, ಆನೆಯ ಮೇಲಿನ ಪೀಠ, ಹಂಸ, ಹೆಗಲ ಮೇಲಿನ ಮೇನೆ, ಕುದುರೆ. ಡೀಸೆಲ್ ಕಾಣದ ಕಾಲದ ಸವಾರಿಗಳೇ ಎಲ್ಲ. ಸ್ಕೂಟರ್ ಲೋಕದಲ್ಲೂ ಹಾಗೇ. 1972ರಲ್ಲಿ ಬಂದ ಬಜಾಜ್ ಚೇತಕ್‌ಗೆ ರಾಣಾ ಪ್ರತಾಪನ ಕುದುರೆಯ ಹೆಸರು. ಇವೆಲ್ಲ ಕಂಪನಿ ಇಟ್ಟ ಹೆಸರುಗಳು, ಸಾವಿರಾರು ಗಾಡಿಗೆ ಒಂದೇ. ಮನೆಯಲ್ಲಿ ಇಡುವ ಹೆಸರು ಒಂದು ಗಾಡಿಗೆ ಮಾತ್ರ. ಆದರೆ ಎರಡೂ ಕೈ ಹಾಕುವುದು ಒಂದೇ ಹಳೆಯ ಪೆಟ್ಟಿಗೆಗೆ.

ಸವಾರಿಗೆ ಮಾತ್ರ ಅಂತಲೂ ಅಲ್ಲ. ಜೀವ ಯಾವುದನ್ನು ನೆಚ್ಚಿಕೊಂಡಿದೆಯೋ ಅದಕ್ಕೆಲ್ಲ ಹೆಸರು ಬೀಳುತ್ತದೆ. ಅರ್ಜುನನ ಬಿಲ್ಲು ಗಾಂಡೀವ, ಶಂಖ ದೇವದತ್ತ. ಆಯುಧ ಪೂಜೆಯ ದಿನ ಕಾರಿಗೆ ಕುಂಕುಮ ಹಚ್ಚುವಾಗ ನಾವು ಅದನ್ನು ಆ ಸಾಲಿನಲ್ಲೇ ನಿಲ್ಲಿಸುತ್ತೇವೆ. ವಿಜಯಪುರಕ್ಕೆ ಹೋದರೆ ಕೋಟೆಯ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಹತ್ತಿರದಿಂದ ನೋಡಿ. ‘ರಣರಂಗದ ಒಡೆಯ’ ಅಂತ ಹೆಸರಿನ ಅರ್ಥ. 1549ರಲ್ಲಿ ಎರಕ ಹೊಯ್ದದ್ದು, ಸುಮಾರು 55 ಟನ್ ತೂಕ. ಬಾಯಿಯನ್ನು ಸಿಂಹದ ತಲೆಯಾಗಿ ಮಾಡಿದ್ದಾರೆ, ತೆರೆದ ದವಡೆಯಲ್ಲಿ ಆನೆ ಸಿಕ್ಕಿಕೊಂಡಿದೆ. ಹೆಸರಿಟ್ಟವರು ಮುಖವನ್ನೂ ಕೊಟ್ಟರು. ಇವತ್ತಿಗೂ ಜನ ಅದನ್ನು ಮುಟ್ಟಿ ಮನಸ್ಸಿನ ಆಸೆ ಹೇಳಿಕೊಳ್ಳುತ್ತಾರೆ.

ಸರಿ, ಓದಿದ್ದು ಎಂಜಿನಿಯರಿಂಗ್ ಅಂತಲೂ ಬರೆದಿದ್ದೀರಿ. ಎಂಜಿನಿಯರ್ ಕೂಡ ಹೀಗೇನಾ? ಹೌದು. ಓದು ಇದಕ್ಕೆ ಅಡ್ಡ ಬರುವುದಿಲ್ಲ, ಯಾಕೆಂದರೆ ಓದು ಕೆಲಸ ಶುರು ಮಾಡುವ ಮೊದಲೇ ಇದು ಆಗಿಹೋಗಿರುತ್ತದೆ. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪುಟ್ಟ ಕಾರ್ಟೂನ್ ಫಿಲಂ ತೋರಿಸಿದರು. ಅದರಲ್ಲಿ ಇದ್ದದ್ದು ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ಚಿಕ್ಕ ವೃತ್ತ, ಮತ್ತೆ ಬಾಗಿಲಿರುವ ಒಂದು ಆಯತ. ಅವು ಸುಮ್ನೆ ಅತ್ತಿತ್ತ ಓಡಾಡುತ್ತವೆ. ನೋಡಿದ್ದನ್ನು ಬರೆಯಿರಿ ಅಂದರು. 34 ಜನರಲ್ಲಿ ಒಬ್ಬರು ಮಾತ್ರ ‘ತ್ರಿಕೋನ ಬಲಕ್ಕೆ ಸರಿಯಿತು’ ಅನ್ನುವ ಥರ ಬರೆದರು. ಉಳಿದವರೆಲ್ಲ ಜಗಳ, ಹೆದರಿಕೆ, ಅಟ್ಟಿಸಿಕೊಂಡು ಹೋಗುವುದು ಅಂತ ಕಥೆ ಹೇಳಿದರು. ನಾನು ಇದನ್ನು ಪ್ರತಿ ವರ್ಷ ಮಕ್ಕಳಿಗೆ ತೋರಿಸುತ್ತಿದ್ದೆ. ‘ಆ ದೊಡ್ಡವನಿಗೆ ಕೊಬ್ಬು ಮೇಡಂ’ ಅನ್ನುತ್ತಿದ್ದರು. ಎರಡು ಗೆರೆ ಓಡಾಡಿದರೆ ಕೊಬ್ಬು ಕಾಣುವ ತಲೆಗೆ, ನಾಲ್ಕು ಚಕ್ರದ ಮೇಲೆ ಗುರ್ ಅನ್ನುತ್ತಾ ಓಡುವುದರಲ್ಲಿ ಜೀವ ಕಾಣದೆ ಇರುತ್ತದಾ?

ಕಾರಿಗೆ ಮುಖ ಬೇರೆ ಇದೆ. ಎರಡು ದೀಪ ಕಣ್ಣು, ನಡುವೆ ಮೂಗು, ಕೆಳಗೆ ಬಾಯಿ. ಗ್ಯಾರೇಜಿನಲ್ಲಿ ‘ಮೂತಿ ಜಜ್ಜಿಹೋಗಿದೆ’ ಅಂದರೆ ಯಾವ ಭಾಗ ಅಂತ ಯಾರೂ ಕೇಳುವುದಿಲ್ಲ. ವಿಯೆನ್ನಾದ ಸೋನ್ಯಾ ವಿಂಡ್‌ಹಾಗರ್ ಮತ್ತು ಜೊತೆಯವರು 2008ರಲ್ಲಿ 40 ಜನರಿಗೆ ಕಾರುಗಳ ಮುಂಭಾಗ ತೋರಿಸಿ, ಇದರ ಸ್ವಭಾವ ಹೇಗನ್ನಿಸುತ್ತದೆ ಅಂತ ಕೇಳಿದರು. ಕಿರಿದಾದ ದೀಪ, ಅಗಲವಾದ ಕೆಳಬಾಯಿ ಇದ್ದರೆ ಜೋರು, ದರ್ಪ ಅಂತ ಹೆಚ್ಚಿನವರು ಹೇಳಿದರು. ಆಮೇಲೆ ಇದನ್ನೇ ಇಥಿಯೋಪಿಯಾದಲ್ಲಿ, ಕಾರಿನ ಜಾಹೀರಾತು ಅಷ್ಟಾಗಿ ನೋಡದ ಜನರ ನಡುವೆ ಮಾಡಿದಾಗಲೂ ಉತ್ತರ ಹೆಚ್ಚುಕಡಿಮೆ ಹೊಂದಿಕೆಯಾಯಿತು. ನಮಗೆ ಇದಕ್ಕೆ ವಿಯೆನ್ನಾ ಬೇಕಿಲ್ಲ. ಆಯುಧ ಪೂಜೆಯ ದಿನ ಹಾರ ಎಲ್ಲಿಗೆ ಹಾಕುತ್ತಾರೆ ನೋಡಿ. ಡಿಕ್ಕಿಗೆ ಹಾರ ಹಾಕಿ ಆರತಿ ಎತ್ತಿದವರನ್ನು ನಾನಂತೂ ಕಂಡಿಲ್ಲ. (ಅಂದ ಹಾಗೆ, ಒಡೆದ ಬೂದುಗುಂಬಳವನ್ನು ದಯವಿಟ್ಟು ರಸ್ತೆಯಿಂದ ಎತ್ತಿ ಪಕ್ಕಕ್ಕೆ ಹಾಕಿಸಿ. ಸ್ಕೂಟರ್‌ನವರು ಜಾರಿ ಬೀಳುತ್ತಾರೆ.)

ಆದರೂ ಎಲ್ಲ ಕಾರಿಗೂ ಹೆಸರಿರುವುದಿಲ್ಲ. ಯಾವುದಕ್ಕೆ ಇರುತ್ತದೆ? ನನ್ನ ಅನುಭವದಲ್ಲಿ, ಸ್ವಲ್ಪ ಕಾಟ ಕೊಡುವುದಕ್ಕೆ. ನಮ್ಮಪ್ಪನ ಹತ್ತಿರ ಒಂದು ಹಳೆಯ ಕಾರಿತ್ತು, ಕಾರ್ಬ್ಯುರೇಟರ್ ಕಾಲದ್ದು. ಅದರ ಹೆಸರು ಚಂಡಿ. ಚಂಡಿ ಹಿಡಿಯುತ್ತಿದ್ದರಿಂದ ಚಂಡಿ. ಚಳಿಗಾಲದ ಬೆಳಿಗ್ಗೆ ಅದನ್ನು ಎಬ್ಬಿಸುವುದೇ ಒಂದು ವ್ರತ. ಎಂಜಿನ್ನಿಗೆ ಹೋಗುವ ಗಾಳಿ ಕಡಿಮೆ ಮಾಡುವ ಚೋಕ್ ಅನ್ನುವ ಗುಂಡಿಯನ್ನು ಪೂರ್ತಿ ಎಳೆಯಬೇಕು. ಆಕ್ಸಿಲರೇಟರ್ ಎರಡು ಸಲ ಒತ್ತಬೇಕು, ಮೂರನೇ ಸಲ ಒತ್ತಿದರೆ ಕೆಟ್ಟಿತು. ಹತ್ತು ಎಣಿಸಬೇಕು. ಆಮೇಲೆ ಕೀ. ಎಂಜಿನ್ ಹಿಡಿದ ಕೂಡಲೇ ಚೋಕ್ ಅರ್ಧ ಒಳಗೆ ತಳ್ಳಬೇಕು. ಇಷ್ಟೂ ಹೊತ್ತು ಅಪ್ಪ ಮೆಲ್ಲಗೆ ‘ಏಳವ್ವ, ಏಳು, ಹೊತ್ತಾಯ್ತು’ ಅನ್ನುತ್ತಿರುತ್ತಿದ್ದರು. ಅಣ್ಣ ಒಂದು ದಿನ ಇದೆಲ್ಲ ನಾಟಕ ಅಂತ ನೇರ ಕೀ ತಿರುಗಿಸಿದ, ಆಕ್ಸಿಲರೇಟರ್ ತುಳಿದೇ ತುಳಿದ. ಎಂಜಿನ್ನಿಗೆ ಪೆಟ್ರೋಲ್ ಜಾಸ್ತಿಯಾಗಿ ಚಂಡಿ ಮಧ್ಯಾಹ್ನದವರೆಗೆ ಏಳಲೇ ಇಲ್ಲ. ಅಪ್ಪ ಬೈಯಲಿಲ್ಲ. ‘ಅವಳಿಗೆ ಆಗಲ್ಲ ಕಣೋ ಹಾಗೆಲ್ಲ’ ಅಂದರು ಅಷ್ಟೇ.

ಆಡಮ್ ವೇಟ್ಜ್, ನಿಕೋಲಸ್ ಎಪ್ಲಿ ಮತ್ತು ಇತರರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣುತ್ತದೆ. ಯಾರ ಕಂಪ್ಯೂಟರ್ ಪದೇ ಪದೇ ಕೆಡುತ್ತಿತ್ತೋ ಅವರೇ ‘ಇದಕ್ಕೆ ಸ್ವಂತ ಮನಸ್ಸಿದೆ’ ಅಂತ ಜಾಸ್ತಿ ಹೇಳಿದರು. ಹೇಳಿದಂತೆ ಕೇಳುವ ಯಂತ್ರದಲ್ಲಿ ಮನಸ್ಸು ಹುಡುಕುವ ಅಗತ್ಯವೇ ಬೀಳುವುದಿಲ್ಲ. ಮಿಕ್ಸಿಗೆ ಯಾರು ಹೆಸರಿಡುತ್ತಾರೆ? ಯಾವಾಗ ಏನು ಮಾಡುತ್ತದೋ ಗೊತ್ತಾಗದ, ಆದರೆ ಬಿಟ್ಟರೆ ನಡೆಯದ ವಸ್ತುವಿನ ಜೊತೆ ಬಾಳುವಾಗ ಅದನ್ನು ಒಂದು ಸ್ವಭಾವ ಅಂತ ಅಂದುಕೊಂಡರೆ ಕೆಲಸ ಸುಲಭ. ‘ಮಳೆಗಾಲದಲ್ಲಿ ಇದಕ್ಕೆ ಸಿಟ್ಟು’ ಅಂದರೆ ಎಂಜಿನ್ನಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪಿಗೆ ತೇವ ಹಿಡಿಯುತ್ತದೆ ಅಂತಲೇ ಅರ್ಥ. ಮೆಕ್ಯಾನಿಕ್ಕಿಗೂ ಅರ್ಥವಾಗುತ್ತದೆ, ಅಮ್ಮನಿಗೂ ಅರ್ಥವಾಗುತ್ತದೆ. ನಿಮ್ಮ ಮನೆಯವರು ಎಂಜಿನಿಯರ್ ಆಗಿರುವುದರಿಂದ ಅವರಿಗೆ ಎರಡು ಭಾಷೆಯೂ ಬರುತ್ತದೆ ಅಷ್ಟೇ. ಶಿರಾಡಿ ಘಾಟಿಯ ಏರಿನಲ್ಲಿ ಎಂಜಿನ್ ಬಿಸಿಯಾಗಿ, ಬಾನೆಟ್ ಎತ್ತಿ, ಬಾಟಲಿ ನೀರು ಹಿಡಿದು ಕಾಯುತ್ತಾ ನಿಂತ ಯಾರನ್ನಾದರೂ ಕೇಳಿ. ಆ ಅರ್ಧ ಗಂಟೆಯಲ್ಲಿ ಅವರು ಕಾರಿನ ಜೊತೆ ಮಾತಾಡದೆ ಇದ್ದಿದ್ದರೆ ನನಗೆ ಆಶ್ಚರ್ಯ.

ಒಂಟಿತನವೂ ಒಂದು ಕಾರಣ. ಎಪ್ಲಿ, ವೇಟ್ಜ್ ಮತ್ತು ಜಾನ್ ಕ್ಯಾಸಿಯೊಪೊ 2007ರಲ್ಲಿ ಬರೆದ ಪ್ರಬಂಧದಲ್ಲಿ ಅದನ್ನೂ ಸೇರಿಸಿದ್ದಾರೆ. ರಾತ್ರಿಯಿಡೀ ಒಬ್ಬನೇ ಲಾರಿ ಓಡಿಸುವವನಿಗೆ ಇದು ಸರಿ ಹೊಂದಬಹುದು. ಹೆಂಡತಿ ಮಗಳು ಇಬ್ಬರೂ ಮಾತಾಡುವ ಮನೆಯಲ್ಲಿ ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ.

ಈಗ ಮಾರುವ ವಿಷಯ. ನಿಮ್ಮ ನಿಜವಾದ ಕಷ್ಟ ಇದೇ ಅಲ್ವಾ? ಜೆಸ್ಸಿ ಚಾಂಡ್ಲರ್ ಮತ್ತು ನಾರ್ಬರ್ಟ್ ಶ್ವಾರ್ಜ್ 2010ರಲ್ಲಿ ಇದರ ಬಗ್ಗೆಯೇ ಒಂದು ಪ್ರಬಂಧ ಬರೆದರು. ಕಾರಿನ ಮಾಲೀಕರಿಗೆ ತಮ್ಮ ಕಾರಿನ ‘ಸ್ವಭಾವ’ ಹೇಗೆ ಅಂತ ಯೋಚಿಸುವಂತೆ ಮಾಡಿದರು. ಆಮೇಲೆ ಕಾರು ಬದಲಾಯಿಸುವ ಬಗ್ಗೆ ಕೇಳಿದರು. ಸ್ವಭಾವದ ಬಗ್ಗೆ ಯೋಚಿಸಿದವರಿಗೆ ಬದಲಾಯಿಸುವ ಮನಸ್ಸು ಕಡಿಮೆ ಇತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯ ಕಂಡಿತು. ಕಾರು ಎಷ್ಟು ಚೆನ್ನಾಗಿ ಓಡುತ್ತಿದೆ ಅನ್ನುವುದಕ್ಕೆ ಅವರು ಕಡಿಮೆ ಬೆಲೆ ಕೊಟ್ಟರು. ಯಾಕೆ ಅಂತ ಯೋಚಿಸಿ. ವಸ್ತು ಹಳೆಯದಾದರೆ ಬದಲಾಯಿಸುತ್ತೇವೆ. ಸ್ನೇಹಿತನಿಗೆ ವಯಸ್ಸಾಯಿತು ಅಂತ ಬದಲಾಯಿಸುತ್ತೇವಾ? ಹೆಸರಿಟ್ಟ ಮೇಲೆ ಕಾರು ಎರಡನೇ ಪಟ್ಟಿಗೆ ಸೇರಿಬಿಡುತ್ತದೆ. ಹಾಗಾಗಿ ‘ಮೈಲೇಜ್ ಬಿದ್ದಿದೆ, ಎಸಿ ಸರಿಯಿಲ್ಲ, ರಿಪೇರಿಗೇ ಇಷ್ಟು ಖರ್ಚು’ ಅಂತ ನೀವೂ ಮಗಳೂ ಎಷ್ಟು ಲೆಕ್ಕ ಕೊಟ್ಟರೂ ಅವರಿಗೆ ಅದು ಮುದಿ ಹಸುವನ್ನು ಸಂತೆಗೆ ಹೊಡೆಯಿರಿ ಅಂದಂತೆ ಕೇಳಿಸುತ್ತದೆ. ಎದ್ದು ಹೊರಗೆ ಹೋಗುವುದು ಅದಕ್ಕೇ.

ಹಾಗಂತ ಅವರು ಹೇಳಿದ್ದೇ ಸರಿ ಅಂತ ನಾನು ಬಿಡುವುದಿಲ್ಲ. ಹೆಸರಿಗೆ ಒಂದು ಕೆಟ್ಟ ಗುಣ ಇದೆ, ಅದು ನಂಬಿಕೆಯನ್ನು ಸುಮ್ಮನೆ ಏರಿಸುತ್ತದೆ. ವೇಟ್ಜ್ ಮತ್ತು ಸಂಗಡಿಗರು 2014ರಲ್ಲಿ ರಸ್ತೆಗಿಳಿಯದೆ ಕಾರು ಓಡಿದ ಅನುಭವ ಕೊಡುವ ಸಿಮ್ಯುಲೇಟರ್‌ನಲ್ಲಿ 100 ಜನರನ್ನು ಗುಂಪು ಮಾಡಿ ಕೂರಿಸಿದರು. ಒಂದು ಗುಂಪಿನ ಕಾರು ತಾನೇ ಓಡುತ್ತಿತ್ತು, ಅದಕ್ಕೆ ‘ಐರಿಸ್’ ಅನ್ನುವ ಹೆಸರು, ಹೆಣ್ಣಿನ ದನಿ ಕೊಟ್ಟರು. ಇನ್ನೊಂದು ಗುಂಪಿನ ಕಾರೂ ತಾನೇ ಓಡುತ್ತಿತ್ತು, ಹೆಸರು ಮತ್ತು ದನಿ ಇರಲಿಲ್ಲ. ಐರಿಸ್‌ನಲ್ಲಿ ಕುಳಿತವರು ಅದನ್ನು ಜಾಸ್ತಿ ನಂಬಿದರು. ಅಪಘಾತವಾದಾಗಲೂ ಅದರ ಮೇಲೆ ಅಷ್ಟಾಗಿ ತಪ್ಪು ಹೊರಿಸಲಿಲ್ಲ. ಹೆಸರು ಮತ್ತು ದನಿ ಬ್ರೇಕನ್ನು ಒಂದಿಷ್ಟೂ ಸುಧಾರಿಸಿರಲಿಲ್ಲ.

ನಿಮ್ಮ ಗೌರಿಯ ವಿಷಯದಲ್ಲೂ ಅಷ್ಟೇ. 2009ರ ಚಿಕ್ಕ ಕಾರು ಅಂದರೆ ಅದರಲ್ಲಿ ಏರ್‌ಬ್ಯಾಗ್ ಇದೆಯಾ ನೋಡಿ. ನಮ್ಮ ದೇಶದಲ್ಲಿ ಡ್ರೈವರ್ ಏರ್‌ಬ್ಯಾಗ್ ಎಲ್ಲ ಹೊಸ ಕಾರಿಗೆ ಕಡ್ಡಾಯವಾದದ್ದು 2019ರ ಜುಲೈನಲ್ಲಿ. ಬ್ರೇಕ್ ಹಿಡಿದಾಗ ಚಕ್ರ ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾದದ್ದೂ ಅದೇ ವರ್ಷ ಏಪ್ರಿಲ್‌ನಲ್ಲಿ. ಮಗಳು ಹೊಸ ಕಾರು ಅನ್ನುವಾಗ ಅವಳ ಮನಸ್ಸಿನಲ್ಲಿ ಬಹುಶಃ ಇದೂ ಇದೆ. ಇನ್ನೊಂದು, ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಗಾಡಿಯನ್ನು ಆರ್‌ಟಿಒಗೆ ತೋರಿಸಿ ನವೀಕರಿಸಿಕೊಳ್ಳಬೇಕು, ಆಮೇಲೆ 5 ವರ್ಷಕ್ಕೊಮ್ಮೆ. ನಿಮ್ಮದು 2024ಕ್ಕೇ ಮುಗಿದಿರಬೇಕು. ಮಾಡಿಸಿದ್ದಾರಾ ಕೇಳಿ. ಮಾಡಿಸದೆ ಓಡಿಸುತ್ತಿದ್ದರೆ ಗೌರಿಯ ಮೇಲೆ ಎಷ್ಟು ಪ್ರೀತಿ ಇದ್ದರೂ ಅದು ತಪ್ಪೇ.

ಅವರ ಹತ್ತಿರ ಈ ಮಾತು ಹೇಗೆ ತೆಗೆಯುವುದು? ಹೆಸರನ್ನು ಗೇಲಿ ಮಾಡಬೇಡಿ. ‘ಬರೀ ತಗಡು ಕಣ್ರೀ ಅದು’ ಅಂದರೆ ಮಾತು ಅಲ್ಲಿಗೆ ಮುಗಿಯಿತು. ರಸೆಲ್ ಬೆಲ್ಕ್ ಅನ್ನುವ ವಿದ್ವಾಂಸರು 1988ರಲ್ಲೇ ಬರೆದಿದ್ದಾರೆ, ಬಹಳ ದಿನ ಬಳಸಿದ ವಸ್ತು ನಮ್ಮ ‘ನಾನು’ ಅನ್ನುವುದರ ಒಂದು ತುಂಡಾಗಿಬಿಡುತ್ತದೆ ಅಂತ. ಆ ಕಾರಿನಲ್ಲಿ ಮಗಳು ಮೊದಲ ದಿನ ಶಾಲೆಗೆ ಹೋಗಿರಬಹುದು. ಯಾರನ್ನೋ ನಡುರಾತ್ರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿರಬಹುದು. ಅವರು ಬಿಡಲಾರದೆ ಇರುವುದು ಅದನ್ನು. ಒಂದು ಭಾನುವಾರ ಮೂವರೂ ಕುಳಿತು ಗೌರಿ ಎಲ್ಲೆಲ್ಲಿ ಹೋಗಿತ್ತು ಅಂತ ಸುಮ್ನೆ ಮಾತಾಡಿ. ಮಾರುವ ಸುದ್ದಿ ಆ ದಿನ ಎತ್ತಬೇಡಿ.

ಆಮೇಲೆ ಯಾವತ್ತಾದರೂ ಅವರ ಊರಿನ ಕೊಟ್ಟಿಗೆಯ ಬಗ್ಗೆ ಕೇಳಿ. ಒಂದು ಗೌರಿ ಹೋದ ಮೇಲೆ ಏನು ಮಾಡುತ್ತಿದ್ದರು? ನನಗೆ ಗೊತ್ತಿರುವ ಮನೆಗಳಲ್ಲಿ ಮುಂದಿನ ಹೆಣ್ಣು ಕರುವಿಗೆ ಅದೇ ಹೆಸರು ಇಡುತ್ತಿದ್ದರು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಟ್ಟ ಹಾಗೆ. ಪುರಿಯಲ್ಲಿ ಜಗನ್ನಾಥನ ರಥದ ಹೆಸರು ನಂದಿಘೋಷ, ಬಲಭದ್ರನ ರಥ ತಾಳಧ್ವಜ. ಪ್ರತಿ ವರ್ಷ ಹೊಸ ಮರ ತಂದು ಹೊಸದಾಗಿ ಕಟ್ಟುತ್ತಾರೆ. ಚಕ್ರ ಹೊಸದು, ಅಚ್ಚು ಹೊಸದು, ಬಟ್ಟೆ ಹೊಸದು. ಹೆಸರು ಅದೇ. ಕಾರು ಮಾರುವಾಗ ಹೆಸರನ್ನೂ ಮಾರಬೇಕು ಅಂತ ಯಾವ ಫಾರಂನಲ್ಲೂ ಬರೆದಿಲ್ಲ. ಹೊಸ ಕಾರೂ ಗೌರಿ ಆಗಬಹುದು. ಈ ಮಾತು ನಿಮ್ಮ ಬಾಯಿಂದ ಬರುವುದಕ್ಕಿಂತ ಅವರ ಬಾಯಿಂದ ಬಂದರೆ ಒಳ್ಳೆಯದು, ಅದಕ್ಕೇ ಕೊಟ್ಟಿಗೆಯ ವಿಷಯ ಕೇಳಿ ಅಂದೆ.

ನಮ್ಮ ಚಂಡಿಯನ್ನು ಮಾರಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಂಜನಗೂಡಿನವರು ತಗೊಂಡರು. ಅಪ್ಪ ಬೆಳಿಗ್ಗೆ ತಾವೇ ತೊಳೆದರು. ಅಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟರು. ಅಪ್ಪ ಆ ಮನುಷ್ಯನಿಗೆ ಚೋಕಿನ ಕಥೆಯನ್ನು ಮೂರು ಸಲ ಹೇಳಿದರು, ಎರಡು ಸಲ ಒತ್ತಿ, ಹತ್ತು ಎಣಿಸಿ, ಆಮೇಲೆ ಕೀ. ‘ಬೆಳಗ್ಗೆ ಬೈಬೇಡಿ ಸ್ವಾಮಿ, ಎದ್ದೇಳಲ್ಲ’ ಅಂತ ಬೇರೆ ಸೇರಿಸಿದರು. ಅವರು ನಕ್ಕರು. ವಾರ ಕಳೆಯುವಷ್ಟರಲ್ಲಿ ಪಕ್ಕದ ಮನೆಗೆ ಫೋನ್ ಬಂತು, ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ. ಅಪ್ಪ ಮುಂದಿನ ಬಸ್ಸಿಗೇ ನಂಜನಗೂಡಿಗೆ ಹೋಗಿ ಎಬ್ಬಿಸಿಕೊಟ್ಟು ಬಂದರು. ಅಷ್ಟು ಖುಷಿಯಾಗಿ ಅವರು ಊಟ ಮಾಡಿದ್ದನ್ನು ಆ ತಿಂಗಳಲ್ಲಿ ನಾನು ನೋಡಿರಲಿಲ್ಲ.

ನೀವೂ ಮಾರುವುದೇ ಆದರೆ, ಸಾಧ್ಯವಾದಷ್ಟು ಗೊತ್ತಿರುವವರಿಗೆ ಕೊಡಿ. ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30 ತುಂಬಿ ಆರ್‌ಸಿ ಅವರ ಹೆಸರಿಗೆ ಆಗುವವರೆಗೆ ಬಿಡಬೇಡಿ. ಇಲ್ಲದಿದ್ದರೆ ನಾಳೆ ಅವರ ದಂಡಕ್ಕೆ ನಿಮ್ಮ ಮನೆಗೆ ನೋಟಿಸ್ ಬರುತ್ತದೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನು ತೆಗೆಯುವ ಕೆಲಸ ಮಾತ್ರ ನಿಮ್ಮ ಮನೆಯವರಿಗೇ ಬಿಡಿ. ಇಷ್ಟು ವರ್ಷದ ಅಂಟು ಗಟ್ಟಿ ಹಿಡಿದಿರುತ್ತದೆ, ಕಿತ್ತರೆ ಮುರಿಯುತ್ತದೆ. ಹೇರ್ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿ ಗಾಳಿ ಹಿಡಿದು, ಅಡಿಯಲ್ಲಿ ಗಟ್ಟಿ ದಾರ ಹಾಕಿ ಮೆಲ್ಲಗೆ ಎಳೆದರೆ ಪೂರ್ತಿಯಾಗಿ ಬಿಡುತ್ತದೆ.